ಏರ್‌ಪೋರ್ಟ್‌ನಿಂದ ಹಾಸನದ ಹೋಟೆಲ್‌ವರೆಗೆ: ಏಳು ವರ್ಷದ ನೋಟ್‌ಬುಕ್ ತೆರೆದು

ಹಾಸನದ ಒಂದು ಕಾಫಿ ಕ್ಯೂರಿಂಗ್ (ಬೀಜದ ಸಿಪ್ಪೆ ತೆಗೆದು ವಿಂಗಡಿಸುವ) ಆಫೀಸಿನಲ್ಲಿ ನಾನು ಲೆಕ್ಕ ಬರೆಯುತ್ತೇನೆ. 2018ರಿಂದ ಇನ್ನೊಂದು ಕೆಲಸವೂ ತಗಲಿಕೊಂಡಿದೆ. ಕಾಫಿ ಬೀಜ ನೋಡಲು, ರುಚಿ ನೋಡಲು, ಯಂತ್ರ ರಿಪೇರಿ ಮಾಡಲು ಅಂತ ದೆಹಲಿ, ಮುಂಬೈ, ಕೋಲ್ಕತ್ತಾ ಕಡೆಯಿಂದ ಜನ ಬರುತ್ತಿರುತ್ತಾರೆ. ಅವರನ್ನು ಬೆಂಗಳೂರಿನ ಕೆಂಪೇಗೌಡ ಏರ್‌ಪೋರ್ಟ್‌ನಿಂದ ನಮ್ಮೂರಿನ ಬಿ.ಎಂ. ರಸ್ತೆಯ ಹೋಟೆಲಿಗೆ ತಲುಪಿಸುವ ಜವಾಬ್ದಾರಿ ನನ್ನದು. ವರ್ಷಕ್ಕೆ ಮೂರು ನಾಲ್ಕು ಸಲ ನಾನೇ ವಿಮಾನ ಹತ್ತಿ ಇಳಿದು ಅದೇ ದಾರಿಯಲ್ಲಿ ಬರುತ್ತೇನೆ. ಎಲ್ಲಾ ಸೇರಿ ಅರವತ್ತು ಸಲ ದಾಟಿದೆ. ಯಾರು ಎಷ್ಟಕ್ಕೆ ಇಳಿದರು, ಎಷ್ಟಕ್ಕೆ ರೂಮು ಸೇರಿದರು, ಎಷ್ಟು ಖರ್ಚಾಯಿತು ಅಂತ ಒಂದು ನೂರು ಪುಟದ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ. ಲೆಕ್ಕದವಳ ಚಾಳಿ.

ಆ ನೋಟ್‌ಬುಕ್ ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಏರ್‌ಪೋರ್ಟ್‌ನಿಂದ ಹಾಸನ ಸುಮಾರು 210 ಕಿಲೋಮೀಟರ್. ಅದರಲ್ಲಿ ನೆಲಮಂಗಲದಿಂದ ಹಾಸನದವರೆಗಿನ ದೊಡ್ಡ ಭಾಗದಲ್ಲಿ ಯಾರೂ ಕಷ್ಟಪಟ್ಟಿಲ್ಲ. ಕಷ್ಟಪಟ್ಟಿದ್ದೆಲ್ಲಾ ಶುರುವಿನಲ್ಲಿ, ದೇವನಹಳ್ಳಿ ಕಡೆಯಿಂದ ತುಮಕೂರು ರಸ್ತೆ ಮುಟ್ಟುವವರೆಗೆ. ಆಮೇಲೆ ಕೊನೆಯ ಎರಡು ಕಿಲೋಮೀಟರ್, ಹಾಸನದ ಬಸ್ ಸ್ಟ್ಯಾಂಡಿನಿಂದ ಹೋಟೆಲ್ ಬಾಗಿಲಿನವರೆಗೆ. ಬಸ್ಸು ಒಳ್ಳೆಯದಾ, ಕಾರು ಒಳ್ಳೆಯದಾ ಅಂತ ನನ್ನನ್ನು ಕೇಳುವವರು ಜಾಸ್ತಿ. ನಾನು ತಿರುಗಿ ಕೇಳುವುದು, ವಿಮಾನ ಎಷ್ಟು ಗಂಟೆಗೆ ಇಳಿಯುತ್ತದೆ ಅಂತ.

ಬಸ್ಸಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ನಾನು ಒಬ್ಬಳೇ ಬರುವಾಗ ಈಗಲೂ ಬಸ್ಸೇ.

ಏರ್‌ಪೋರ್ಟ್‌ನಿಂದ ಹೊರಗೆ ಬಂದರೆ ಬಿಎಂಟಿಸಿಯ ವಾಯು ವಜ್ರ ನಿಂತಿರುತ್ತದೆ. ಎಸಿ ಬಸ್ಸು, ಒಳಗೇ ಸೂಟ್‌ಕೇಸ್ ಇಡಲು ಕಂಬಿ ಕಟ್ಟಿದ ಜಾಗ, ರಾತ್ರಿಯೂ ಓಡಾಟ. ಮೆಜೆಸ್ಟಿಕ್‌ಗೆ ಹೋಗುವುದು ಕೆಐಎ 9. ದೂರ 35 ಕಿಲೋಮೀಟರ್ ಆಸುಪಾಸು. ಬೆಳಗ್ಗೆ ಆರಕ್ಕೆ ಇಳಿದವರು ಒಂದು ಗಂಟೆಯಲ್ಲಿ ಮೆಜೆಸ್ಟಿಕ್ ಮುಟ್ಟಿದ್ದಾರೆ. ಸಂಜೆ ಆರಕ್ಕೆ ಇಳಿದು ಹೆಬ್ಬಾಳದಲ್ಲೇ ಮುಕ್ಕಾಲು ಗಂಟೆ ಕೂತಿದ್ದೂ ನೋಟ್‌ಬುಕ್‌ನಲ್ಲಿದೆ. ಮೆಜೆಸ್ಟಿಕ್‌ನಲ್ಲಿ ಬಿಎಂಟಿಸಿ ಕಡೆಯಿಂದ ಕೆಎಸ್‌ಆರ್‌ಟಿಸಿ ಕಡೆಗೆ ಚೀಲ ಎಳೆದುಕೊಂಡು ದಾಟಬೇಕು. ದಾಟಿದರೆ ಮುಗಿಯಿತು, ಹಾಸನದ ಬಸ್ಸಿಗೆ ಕಾಯುವ ಕೆಲಸವೇ ಇಲ್ಲ. ಒಂದು ಹೋದರೆ ಇನ್ನೊಂದು. ಕೆಂಪು ಬಸ್ಸು ಸಿಗುತ್ತದೆ, ರಾಜಹಂಸ ಸಿಗುತ್ತದೆ, ಮಂಗಳೂರು ಕಡೆಗೆ ಹೋಗುವ ಐರಾವತ ಸಿಗುತ್ತದೆ. ಅಲ್ಲಿಂದ ನಾಲ್ಕು ಗಂಟೆ ಇಟ್ಟುಕೊಳ್ಳಿ.

ದುಡ್ಡಿನ ಮಾತಿಗೆ ಬಂದರೆ ಇದನ್ನು ಮೀರಿಸುವುದು ಯಾವುದೂ ಇಲ್ಲ. 2025ರ ಜನವರಿಯಲ್ಲಿ ಸರ್ಕಾರಿ ಬಸ್ ದರ ಶೇ. 15 ಏರಿದ ಮೇಲೂ ನಮ್ಮ ಗಂಡಸು ಅತಿಥಿಗಳಿಗೆ ವಾಯು ವಜ್ರ, ಕೆಂಪು ಬಸ್ಸು ಎರಡೂ ಸೇರಿ ಆರುನೂರರೊಳಗೆ ಮುಗಿದಿದೆ. ನನ್ನ ಲೆಕ್ಕ ಇನ್ನೂ ತಮಾಷೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಿತಲ್ಲ, ಅಂದಿನಿಂದ ಏರ್‌ಪೋರ್ಟ್‌ನಿಂದ ಮೆಜೆಸ್ಟಿಕ್‌ಗೆ ಬರುವ ಒಂದು ಗಂಟೆಗೆ ದುಡ್ಡು ಕೊಡುತ್ತೇನೆ, ಮೆಜೆಸ್ಟಿಕ್‌ನಿಂದ ಹಾಸನಕ್ಕೆ ಬರುವ ನಾಲ್ಕು ಗಂಟೆಗೆ ಆಧಾರ್ ಕಾರ್ಡು ತೋರಿಸಿ ಶೂನ್ಯ ಟಿಕೆಟ್ ತಗೊಳ್ಳುತ್ತೇನೆ. ಎಸಿ ಬಸ್ಸಿಗೆ, ರಾಜಹಂಸಕ್ಕೆ ಆ ಸೌಲಭ್ಯ ಇಲ್ಲ. ನಮ್ಮ ಮ್ಯಾನೇಜರ್ ಮೊದಲ ಸಲ ನನ್ನ ಖರ್ಚಿನ ಚೀಟಿ ನೋಡಿ, "ಏನಮ್ಮಾ, ಹಾಸನಕ್ಕೆ ನಡ್ಕೊಂಡು ಬಂದ್ಯಾ?" ಅಂದಿದ್ದರು.

ಆದರೆ ಶನಿವಾರ, ಹಬ್ಬದ ಹಿಂದಿನ ದಿನ ದಾರಿಯ ಮಧ್ಯೆ ಹತ್ತಿದರೆ ಸೀಟು ಸಿಗುತ್ತದೆ ಅನ್ನುವ ಭ್ರಮೆ ಬೇಡ. ಅದಕ್ಕೆ ಮೆಜೆಸ್ಟಿಕ್‌ಗೇ ಹೋಗಬೇಕು. ನಾನು ಒಂದಷ್ಟು ದಿನ ಜಾಣತನ ಮಾಡಲು ಹೋಗಿದ್ದೆ. ಹೆಬ್ಬಾಳದಲ್ಲೇ ಇಳಿದು, ರಿಂಗ್ ರೋಡ್ ಬಸ್ಸು ಹಿಡಿದು, ಬಿಇಎಲ್ ಸರ್ಕಲ್ ಮೇಲೆ ಗೊರಗುಂಟೆಪಾಳ್ಯಕ್ಕೆ ಬಂದುಬಿಟ್ಟರೆ ಹಾಸನದ ಬಸ್ಸು ಅಲ್ಲೇ ಸಿಗುತ್ತದೆ. ಮೆಜೆಸ್ಟಿಕ್‌ಗೆ ಹೋಗಿ ಮತ್ತೆ ಅದೇ ಕಡೆಗೆ ವಾಪಸ್ ಬರುವ ಸುತ್ತು ತಪ್ಪುತ್ತದೆ. ಮುಕ್ಕಾಲು ಗಂಟೆಯಾದರೂ ಉಳಿಯುತ್ತದೆ. ಒಂದು ಕೈಚೀಲ, ವಾರದ ಮಧ್ಯದ ದಿನ ಆದರೆ ಇದೇ ದಾರಿ ಸರಿ. ಸೂಟ್‌ಕೇಸ್ ಇದ್ದು, ದಿನವೂ ಶುಕ್ರವಾರ ಆದರೆ ಗೊರಗುಂಟೆಪಾಳ್ಯದಲ್ಲಿ ಬರುವ ಬಸ್ಸೆಲ್ಲಾ ಮೆಜೆಸ್ಟಿಕ್‌ನಲ್ಲೇ ತುಂಬಿಕೊಂಡು ಬಂದಿರುತ್ತವೆ. ಒಮ್ಮೆ ಕುಣಿಗಲ್ ದಾಟುವವರೆಗೆ ಸೂಟ್‌ಕೇಸ್ ಮೇಲೆಯೇ ಕೂತು ಬಂದೆ. ಆ ಸೂಟ್‌ಕೇಸಿನ ಚಕ್ರ ಇವತ್ತಿಗೂ ಸೊಟ್ಟ.

ಮುಂಚೆಯೇ ಸೀಟು ಕಾದಿರಿಸಿ, ಹತ್ತುವ ಜಾಗ ಗೊರಗುಂಟೆಪಾಳ್ಯ ಅಂತ ಹಾಕಬಹುದು. ಒಳ್ಳೆಯ ಉಪಾಯವೇ. ವಿಮಾನ ತಡವಾದರೆ ಮಾತ್ರ ಟಿಕೆಟ್ಟೂ ಹೋಯಿತು, ಬಸ್ಸೂ ಹೋಯಿತು. ಇಳಿಯುವ ಹೊತ್ತಿಗೂ ಬಸ್ಸಿನ ಹೊತ್ತಿಗೂ ನಡುವೆ ಮೂರು ಗಂಟೆ ಬಿಟ್ಟು ನಾನು ಕಾದಿರಿಸುತ್ತೇನೆ.

ಇದೇ ಜಾಗದ ಇನ್ನೊಂದು ಕಥೆ. 2021ರ ಡಿಸೆಂಬರ್ ಕೊನೆಯಲ್ಲಿ ಪೀಣ್ಯ ಫ್ಲೈಓವರ್ ಮುಚ್ಚಿದರು, ಕೇಬಲ್ ತುಕ್ಕು ಹಿಡಿದಿದೆ ಅಂತ. ಸ್ವಲ್ಪ ದಿನಕ್ಕೆ ಕಾರುಗಳನ್ನು ಬಿಟ್ಟರು. ಬಸ್ಸು, ಲಾರಿ ಮೇಲೆ ಹತ್ತಿದ್ದು 2024ರ ಜುಲೈ ಕೊನೆಗೆ. ಅಷ್ಟೂ ದಿನ ಕಾರಿನವರು ಮೇಲೆ, ನಾವು ಕೆಳಗೆ. ನನ್ನ ನೋಟ್‌ಬುಕ್‌ನಲ್ಲಿ ಆ ಎರಡೂವರೆ ವರ್ಷದ ಬಸ್ ಪ್ರಯಾಣಗಳೆಲ್ಲಾ ಅರ್ಧ ಗಂಟೆ ಉದ್ದ ಇವೆ. ಯಾರಾದರೂ ಆಗಿನ ಅನುಭವ ಹೇಳಿ ಬಸ್ಸು ಬೇಡ ಅಂದರೆ ಈಗ ಕೇಳಬೇಡಿ.

2024ರ ನವೆಂಬರ್‌ನಲ್ಲಿ ಹಸಿರು ಮೆಟ್ರೊ ನಾಗಸಂದ್ರದಿಂದ ಮಾದಾವರದವರೆಗೆ ಬಂತು. ಮೆಜೆಸ್ಟಿಕ್ ಮುಟ್ಟುವ ಹೊತ್ತಿಗೆ ಸಂಜೆಯಾಗಿದ್ದರೆ ನಾನು ಬಸ್ಸಿನಲ್ಲಿ ಯಶವಂತಪುರ ದಾಟುವ ಗೋಜಿಗೆ ಹೋಗುವುದಿಲ್ಲ. ಮೆಟ್ರೊ ಹತ್ತಿ ಜಾಲಹಳ್ಳಿಯಲ್ಲಿ ಇಳಿದು ಕ್ರಾಸ್‌ನಲ್ಲಿ ಬಸ್ಸು ಹಿಡಿಯುತ್ತೇನೆ. ಏರ್‌ಪೋರ್ಟ್‌ಗೇ ಮೆಟ್ರೊ ಬಂದ ದಿನ ಈ ಬರಹದ ಅರ್ಧ ಭಾಗ ಹರಿದು ಹಾಕಬಹುದು.

ಮೈಸೂರಿನವರಿಗೆ 2013ರಿಂದ ಏರ್‌ಪೋರ್ಟ್‌ನಿಂದಲೇ ಫ್ಲೈಬಸ್ ಇದೆ. ಅದು ಕಣ್ಣೆದುರು ಹೊರಟಾಗಲೆಲ್ಲಾ ನನಗೆ ಸಣ್ಣಗೆ ಹೊಟ್ಟೆ ಉರಿಯುತ್ತದೆ. ಇರಲಿ.

ರೈಲಿನ ಬಗ್ಗೆ ನನಗೆ ಪ್ರೀತಿ ಜಾಸ್ತಿ, ಆದರೆ ಅತಿಥಿಗಳಿಗೆ ಹೇಳುವುದು ಕಡಿಮೆ. 2017ರ ಮಾರ್ಚ್‌ವರೆಗೆ ಬೆಂಗಳೂರಿನಿಂದ ಹಾಸನಕ್ಕೆ ರೈಲು ಅಂದರೆ ಅರಸೀಕೆರೆ ಸುತ್ತಬೇಕು, ಇಲ್ಲ ಮೈಸೂರು ಸುತ್ತಬೇಕು. ಆಮೇಲೆ ಕುಣಿಗಲ್, ಶ್ರವಣಬೆಳಗೊಳ, ಚನ್ನರಾಯಪಟ್ಟಣದ ಮೇಲೆ ನೇರ ಹಳಿ ಬಂತು. ಯಶವಂತಪುರದಿಂದ ಸಂಜೆ ಹೊರಡುವ ಇಂಟರ್‌ಸಿಟಿ ಹಿಡಿದರೆ ಊಟದ ಹೊತ್ತಿಗೆ ಹಾಸನ. ಟ್ರಾಫಿಕ್ ಇಲ್ಲ, ಟೋಲ್ ಇಲ್ಲ, ಬಾತ್‌ರೂಮ್ ಇದೆ. ವಯಸ್ಸಾದವರಿಗೆ ಆ ಕೊನೆಯದೇ ದೊಡ್ಡ ಕಾರಣ. ಆದರೆ ಏರ್‌ಪೋರ್ಟ್‌ನಿಂದ ಯಶವಂತಪುರ ತಲುಪಬೇಕಲ್ಲ? ಮತ್ತೆ ಅದೇ ಹೆಬ್ಬಾಳ, ಮೇಖ್ರಿ ಸರ್ಕಲ್. ಮಧ್ಯಾಹ್ನ ಎರಡರೊಳಗೆ ಇಳಿಯುವವರಿಗೆ ಮಾತ್ರ ನಾನು ರೈಲು ಹೇಳುವುದು. ಮೂರೂವರೆಗೆ ಇಳಿಯಬೇಕಿದ್ದ ನನ್ನದೇ ವಿಮಾನ ಒಮ್ಮೆ ಐವತ್ತು ನಿಮಿಷ ತಡವಾಯಿತು. ನಾನು ಯಶವಂತಪುರದ ಮೇಲ್ಸೇತುವೆ ಮೇಲೆ ಓಡುತ್ತಿದ್ದಾಗ ಕೆಳಗೆ ರೈಲು ಹೊರಟಿತು. ಕೊನೆಯ ಬೋಗಿಯ ದೀಪ ಕಾಣುವವರೆಗೆ ನಿಂತು ನೋಡಿದೆ, ಬೇರೆ ಏನು ಮಾಡುವುದು.

ಏರ್‌ಪೋರ್ಟ್ ಪಕ್ಕದಲ್ಲೇ 2021ರ ಜನವರಿಯಲ್ಲಿ ಒಂದು ಪುಟ್ಟ ರೈಲು ನಿಲ್ದಾಣವೂ ಶುರುವಾಯಿತು. ಓಡುವ ರೈಲು ಕಡಿಮೆ, ಹೊತ್ತು ಹೊಂದಿದರೆ ಅದೃಷ್ಟ. ನನಗೆ ಒಮ್ಮೆಯೂ ಹೊಂದಿಲ್ಲ.

ಈಗ ಕಾರು. ಇಲ್ಲಿ ಎರಡು ಜಾತಿ. ಏರ್‌ಪೋರ್ಟ್‌ನಲ್ಲೇ ಮಾಡಿಕೊಳ್ಳುವುದು ಒಂದು, ಹಾಸನದಿಂದ ಕಳಿಸುವುದು ಇನ್ನೊಂದು.

ಮೊಬೈಲ್‌ನಲ್ಲಿ ಹಾಸನಕ್ಕೆ ಒಂದು ಕಡೆಯ ಬಾಡಿಗೆ ನೋಡಿದರೆ ನಾಲ್ಕು ಸಾವಿರ, ನಾಲ್ಕೂವರೆ ಸಾವಿರ ತೋರಿಸುತ್ತದೆ. ನೋಡಲು ಸಲೀಸು. ಹಗಲು ಹೊತ್ತಿನಲ್ಲಿ ಸರಿಯಾಗಿಯೇ ನಡೆದಿದೆ, ಸುಮ್ನೆ ದೂರುವುದು ಬೇಡ. ರಾತ್ರಿ ಬೇರೆ ಕಥೆ. ಒಬ್ಬ ಅತಿಥಿ ರಾತ್ರಿ ಹನ್ನೆರಡೂವರೆಗೆ ಇಳಿದು ಬುಕ್ ಮಾಡಿದರು. ಮೂರು ಜನ ಡ್ರೈವರ್‌ಗಳು ಫೋನ್ ಮಾಡಿ "ಎಲ್ಲಿಗೆ ಸಾರ್?" ಅಂತ ಕೇಳಿದರು. ಹಾಸನ ಅಂದ ಕೂಡಲೇ ಕ್ಯಾನ್ಸಲ್. ನಾಲ್ಕನೆಯವನು ಬಂದ. ನೆಲಮಂಗಲ ದಾಟಿದ ಮೇಲೆ ಗಾಡಿ ಪಕ್ಕಕ್ಕೆ ಹಾಕಿ, ವಾಪಸ್ ಖಾಲಿ ಬರಬೇಕು, ಮೇಲೆ ಸಾವಿರದ ಐನೂರು ಕೊಡಿ ಅಂದ. ರಾತ್ರಿ ಎರಡು ಗಂಟೆ, ಭಾಷೆ ಬಾರದ ಊರು, ಆ ಮನುಷ್ಯ ಕೊಟ್ಟರು. ಬೆಳಗ್ಗೆ ಆಫೀಸಿಗೆ ಬಂದು ನನ್ನ ಮುಂದೆ ಆ ಲೆಕ್ಕ ಇಟ್ಟಾಗ ನನಗೆ ನಾಚಿಕೆಯಾಯಿತು. ಕಂಪನಿಗೆ ಬರೆದೆವು. ಹದಿನೈದು ದಿನ ಬಿಟ್ಟು ನೂರೈವತ್ತು ರೂಪಾಯಿ ಕೂಪನ್ ಬಂತು, ಅದೂ ಮುಂದಿನ ಪ್ರಯಾಣಕ್ಕೆ.

ಹಾಸನದಿಂದ ಕಾರು ಕಳಿಸುವುದು ದುಬಾರಿ. ಹೋಗಿ ಬರುವ 420 ಕಿಲೋಮೀಟರ್‌ಗೂ ಬಾಡಿಗೆ ಬೀಳುತ್ತದೆ. ಕಿಲೋಮೀಟರ್‌ಗೆ 13 ರೂಪಾಯಿ ಅಂದರೂ 5,460. ಡ್ರೈವರ್ ಬಾಟಾ, ಟೋಲ್, ಏರ್‌ಪೋರ್ಟ್ ಪಾರ್ಕಿಂಗ್ ಸೇರಿದರೆ ಆರೂವರೆ ಸಾವಿರದ ಹತ್ತಿರ. ಮಾತಾಡುವಾಗಲೇ "ಟೋಲ್ ಸೇರಿನಾ, ಬಾಟಾ ಸೇರಿನಾ" ಅಂತ ಬಿಡಿಸಿ ಕೇಳಿ. ಹಳದಿ ಬೋರ್ಡ್ ಗಾಡಿಯೇ ಬೇಕು ಅನ್ನಿ. ಬಿಳಿ ಬೋರ್ಡಿನವರು ಐನೂರು ಕಡಿಮೆ ಹೇಳುತ್ತಾರೆ. ಬಾಡಿಗೆಗೆ ಓಡಿಸಿದ ಬಿಳಿ ಬೋರ್ಡ್ ಗಾಡಿಗೆ ಏನಾದರೂ ಆದರೆ ವಿಮೆಯವರು ಕೈ ಎತ್ತಲು ಅದೊಂದೇ ಕಾರಣ ಸಾಕು.

ಇಷ್ಟು ದುಬಾರಿಯಾದರೂ ವಯಸ್ಸಾದವರು, ಮೂರು ನಾಲ್ಕು ಜನರ ಗುಂಪು, ಮೊದಲ ಸಲ ಬರುವವರು ಅಂದರೆ ನಾನು ಕಣ್ಣು ಮುಚ್ಚಿ ಇದನ್ನೇ ಮಾಡುತ್ತೇನೆ. ನಮ್ಮ ಬೀದಿಯ ಡ್ರೈವರ್ ಅಣ್ಣ ಒಬ್ಬರಿದ್ದಾರೆ. ಏಳು ವರ್ಷದಿಂದ ಅವರೇ. "ಅಕ್ಕಾ, ಇಳಿದ್ರು, ಲಗೇಜ್ ಬರ್ಬೇಕು", "ಅಕ್ಕಾ, ಬೆಳ್ಳೂರು ಕ್ರಾಸ್ ದಾಟಿದ್ವಿ, ಸಾರ್ ನಿದ್ದೆ ಮಾಡ್ತಾವ್ರೆ" ಅಂತ ದಾರಿಯುದ್ದಕ್ಕೂ ಫೋನ್. ಈ ಫೋನಿಗೆ ಯಾವ ಆ್ಯಪ್‌ನ ನಕ್ಷೆಯೂ ಸಮ ಇಲ್ಲ. ನನಗಿಂತ ಐದು ವರ್ಷ ದೊಡ್ಡವರು, ಆದರೂ ನಾನೇ ಅಕ್ಕ.

ದಾರಿಯ ವಿಷಯದಲ್ಲೂ ಅವರೇ ಗುರು. ಈಗ ಅವರು ಹೆಬ್ಬಾಳದ ಕಡೆ ತಲೆಯನ್ನೇ ಹಾಕುವುದಿಲ್ಲ. ದೇವನಹಳ್ಳಿಯಿಂದ ದೊಡ್ಡಬಳ್ಳಾಪುರ, ಅಲ್ಲಿಂದ ಹೊಸ ವರ್ತುಲ ಹೆದ್ದಾರಿಯಲ್ಲಿ ದಾಬಸ್‌ಪೇಟೆ. ಅಲ್ಲಿ ತುಮಕೂರು ರಸ್ತೆಗೆ ಸೇರಿ, ಬೆಂಗಳೂರಿನ ಕಡೆಗೆ ಸ್ವಲ್ಪ ವಾಪಸ್ ಬಂದು, ನೆಲಮಂಗಲದಲ್ಲಿ ಹಾಸನದ ರಸ್ತೆಗೆ ತಿರುಗುತ್ತಾರೆ. ನಕ್ಷೆಯಲ್ಲಿ ನೋಡಿದರೆ ತಲೆಕೆಟ್ಟವರ ದಾರಿ. ಕಿಲೋಮೀಟರ್ ಜಾಸ್ತಿಯೇ. ಆದರೆ ಸಂಜೆ ಹೊತ್ತಿನಲ್ಲಿ ಊರೊಳಗಿನ ದಾರಿಗಿಂತ ಮುಂಚೆ ತಲುಪಿಸಿದ್ದಾರೆ, ನಾಲ್ಕು ಸಲ ಬರೆದಿಟ್ಟಿದ್ದೇನೆ. ಕಿಲೋಮೀಟರ್ ಲೆಕ್ಕದ ಬಾಡಿಗೆಯಾದರೆ ಆ ಹೆಚ್ಚಿನ ದೂರಕ್ಕೆ ನೀವು ಕೊಡಬೇಕು ಅನ್ನುವುದು ನೆನಪಿರಲಿ. ಶುಕ್ರವಾರ ರಾತ್ರಿ ಮಾತ್ರ ಯಾವ ದಾರಿಯೂ ಕೆಲಸ ಮಾಡುವುದಿಲ್ಲ. ಚಿಕ್ಕಮಗಳೂರು, ಸಕಲೇಶಪುರದ ಹೋಮ್‌ಸ್ಟೇಗೆ ಹೊರಟ ಅರ್ಧ ಬೆಂಗಳೂರು ನೆಲಮಂಗಲದಲ್ಲೇ ಇರುತ್ತದೆ.

ಒಂದು ಎಡವಟ್ಟು ಎರಡು ಸಲ ಆಗಿದೆ. ಎರಡನೇ ಟರ್ಮಿನಲ್ ಶುರುವಾದ ಮೇಲೆ, 2023ರಲ್ಲಿ, ಅಣ್ಣ ಟಿ1ರ ಎದುರು ಬೋರ್ಡ್ ಹಿಡಿದು ನಿಂತರು, ಅತಿಥಿ ಟಿ2ರಲ್ಲಿ ಗಿಡ, ಬಿದಿರು ನೋಡಿಕೊಂಡು ಕಾಯುತ್ತಿದ್ದರು. ಇಬ್ಬರೂ ನನಗೆ ಫೋನ್ ಮಾಡಿ "ನಾನು ಹೊರಗೇ ಇದ್ದೀನಿ" ಅಂತಾರೆ. ಟಿಕೆಟ್‌ನಲ್ಲಿ ಯಾವ ಟರ್ಮಿನಲ್ ಅಂತ ಬರೆದಿರುತ್ತದೆ. ಈಗ ಡ್ರೈವರ್‌ಗೆ ಟಿಕೆಟ್ ಫೋಟೊನೇ ಕಳಿಸುತ್ತೇನೆ.

ರಾತ್ರಿ ಹನ್ನೊಂದರ ಮೇಲೆ ಇಳಿಯುವವರ ವಿಷಯದಲ್ಲಿ ನಾನು ಈಗ ಹಟಮಾರಿ. ಹಾಸನಕ್ಕೆ ಅವತ್ತೇ ಬರುವುದು ಬೇಡ. ಮಧ್ಯಾಹ್ನ ಇಲ್ಲಿಂದ ಹೊರಟ ಡ್ರೈವರ್ ನಾಲ್ಕು ಗಂಟೆ ಓಡಿಸಿ, ಪಾರ್ಕಿಂಗ್‌ನಲ್ಲಿ ಕಾದು, ಮತ್ತೆ ರಾತ್ರಿ ಎರಡು ಮೂರರ ಹೊತ್ತಿಗೆ ಹಿರೀಸಾವೆ, ಚನ್ನರಾಯಪಟ್ಟಣದ ಆ ನೇರ ರಸ್ತೆಯಲ್ಲಿ ಓಡಿಸಬೇಕು. ರಸ್ತೆ ಚೆನ್ನಾಗಿರುವುದೇ ಅಪಾಯ, ಕಣ್ಣು ತಾನಾಗೇ ಮುಚ್ಚುತ್ತದೆ. ಒಮ್ಮೆ ಅಣ್ಣನೇ ಶಾಂತಿಗ್ರಾಮದ ಟೋಲ್ ಹತ್ತಿರ ಗಾಡಿ ನಿಲ್ಲಿಸಿ, "ಅಕ್ಕಾ, ಅರ್ಧ ಗಂಟೆ ಮಲಗ್ತೀನಿ, ಸಾರ್‌ಗೆ ಹೇಳ್ಬುಡಿ" ಅಂದರು. ಹಾಸನ ಹದಿನೈದು ನಿಮಿಷ ಇತ್ತು, ಆದರೂ ನಿಲ್ಲಿಸಿದರಲ್ಲ, ಆ ಬುದ್ಧಿಗೆ ನಾನು ಬಾಟಾ ಮೇಲೆ ಇನ್ನೂರು ಸೇರಿಸಿದೆ. ಈಗ ತಡರಾತ್ರಿಯ ಅತಿಥಿಗೆ ಯಲಹಂಕದ ಕಡೆ ಒಂದು ರೂಮು ಹಿಡಿದು, ಬೆಳಗ್ಗೆ ಆರಕ್ಕೆ ಹೊರಡಿಸುತ್ತೇವೆ. ರೂಮಿನ ದುಡ್ಡು ದಂಡ ಅಂತ ಆಫೀಸಿನಲ್ಲಿ ಗೊಣಗಿದರು. ಬೆಳಗಿನ ಜಾವ ನಾಲ್ಕಕ್ಕೆ ಹಾಸನಕ್ಕೆ ಬಂದರೂ ಹೋಟೆಲಿನವರು ಹಿಂದಿನ ದಿನದ ಬಾಡಿಗೆ ಹಾಕಿಯೇ ಹಾಕುತ್ತಾರೆ ಅಂತ ಬಿಲ್ ತೋರಿಸಿದ ಮೇಲೆ ಸುಮ್ಮನಾದರು.

ಬೇರೆ ಏರ್‌ಪೋರ್ಟ್ ಆಗಲ್ವಾ ಅಂತ ಕೇಳುತ್ತಾರೆ. ಮುಂಬೈನವರಿಗೆ ಮಂಗಳೂರು ಆಗುತ್ತದೆ, ಹಾಸನಕ್ಕೆ ಅದು ಇನ್ನೂ ಹತ್ತಿರ. ಆದರೆ ನಡುವೆ ಶಿರಾಡಿ ಘಾಟಿ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೋಣಿಗಲ್ ಹತ್ತಿರ ಮಣ್ಣು ಕುಸಿಯಿತು ಅಂತ ಸುದ್ದಿ ಬಂದರೆ ಗಾಡಿ ಎಲ್ಲಿ ನಿಂತಿರುತ್ತದೋ ಅಲ್ಲೇ. ಬೇಸಿಗೆಯಲ್ಲಿ ಮಾತ್ರ ಧೈರ್ಯ ಮಾಡಿದ್ದೇನೆ. ಚಿಕ್ಕಮಗಳೂರಿಗೆ ಹೋಗುವವರಾದರೆ 2023ರಲ್ಲಿ ಶುರುವಾದ ಶಿವಮೊಗ್ಗ ಏರ್‌ಪೋರ್ಟ್ ನೋಡಿ, ವಿಮಾನ ಕಡಿಮೆ ಆದರೂ ರಸ್ತೆ ಅರ್ಧಕ್ಕಿಂತ ಕಡಿಮೆ. ನಮ್ಮ ಭುವನಹಳ್ಳಿಯ ಏರ್‌ಪೋರ್ಟ್ ಬಗ್ಗೆ ಕೇಳಬೇಡಿ. ಅದರ ಸುದ್ದಿ ಕೇಳುತ್ತಲೇ ನಮ್ಮ ತಲೆ ನರೆತಿದೆ.

ಇನ್ನೊಂದು ಮಾತು. ಹಾಸನಾಂಬೆಯ ಬಾಗಿಲು ತೆಗೆದಿರುವ ದಿನಗಳಲ್ಲಿ ಮೇಲಿನ ಯಾವ ಲೆಕ್ಕವೂ ನಡೆಯುವುದಿಲ್ಲ. ಆಶ್ವಯುಜ ಹುಣ್ಣಿಮೆ ಕಳೆದ ಗುರುವಾರದಿಂದ ದೀಪಾವಳಿ ಮುಗಿಯುವವರೆಗೆ ಬಸ್ಸು ತುಂಬಿರುತ್ತದೆ, ಊರು ತುಂಬಿರುತ್ತದೆ, ಹೋಟೆಲ್ ಬಾಡಿಗೆ ಕೇಳಿದರೆ ಎದೆ ಝಲ್ ಅನ್ನುತ್ತದೆ. ಅತಿಥಿಗಳಿಗೆ ನಾನು ನೇರವಾಗಿ ಹೇಳುತ್ತೇನೆ, ದೇವಿ ದರ್ಶನಕ್ಕೆ ಬನ್ನಿ, ಕಾಫಿ ವ್ಯವಹಾರಕ್ಕೆ ಹದಿನೈದು ದಿನ ಬಿಟ್ಟು ಬನ್ನಿ.

ಬೇಲೂರು, ಹಳೇಬೀಡು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಬಂದವರೆಲ್ಲಾ ಅದನ್ನೂ ನೋಡಬೇಕು ಅನ್ನುತ್ತಾರೆ. ಹಾಗಿದ್ದರೆ ಕಾರನ್ನು ಎರಡು ದಿನಕ್ಕೇ ಮಾತಾಡಿಬಿಡಿ, ಬಿಡಿಬಿಡಿಯಾಗಿ ಮಾಡಿದರೆ ಜಾಸ್ತಿ ಬೀಳುತ್ತದೆ.

ಕೊನೆಯ ಎರಡು ಕಿಲೋಮೀಟರ್ ಬಾಕಿ ಇದೆ. ಬಸ್ಸಿನಲ್ಲಿ ಬಂದವರು ಹೊಸ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಆಟೊ ಹಿಡಿಯಬೇಕು. ನಮ್ಮೂರಿನ ಆಟೊದಲ್ಲಿ ಮೀಟರ್ ಹಾಕಿ ಅಂದರೆ ನಿಮ್ಮ ಮುಖವನ್ನೇ ಒಂದು ಸಲ ನೋಡುತ್ತಾರೆ. ಬಾಯಿ ಲೆಕ್ಕವೇ. ದೊಡ್ಡ ಹೋಟೆಲಿನ ಹೆಸರು ಹೇಳಿದಿರೋ, ಬಾಯಿ ಲೆಕ್ಕ ಐವತ್ತು ರೂಪಾಯಿ ಏರುತ್ತದೆ. ಅದಕ್ಕೆ ನಾನು ಅತಿಥಿಗಳಿಗೆ ಕನ್ನಡದಲ್ಲಿ ಎರಡೇ ಪದ ಕಲಿಸಿ ಕಳಿಸುತ್ತೇನೆ, "ಬಂಕ್ ಹತ್ರ" ಅಂತ. ಹೋಟೆಲಿನ ಎದುರೇ ಪೆಟ್ರೋಲ್ ಬಂಕ್ ಇದೆ. ಹೋದ ತಿಂಗಳು ಕೋಲ್ಕತ್ತಾದಿಂದ ಬಂದವರು ವಾಯು ವಜ್ರ, ಕೆಂಪು ಬಸ್ಸು, ಆಟೊ ಎಲ್ಲವನ್ನೂ ಒಬ್ಬರೇ ಹಿಡಿದು ಸಂಜೆ ಐದಕ್ಕೆ ರೂಮು ಸೇರಿದರು. ಖರ್ಚಿನ ಚೀಟಿ ಬರೆಯುವಾಗ ಆಟೊ ಎಷ್ಟು ಅಂತ ಕೇಳಿದೆ. ನಾನು ಕೊಡುವುದಕ್ಕಿಂತ ಹತ್ತು ರೂಪಾಯಿ ಕಡಿಮೆ ಕೊಟ್ಟಿದ್ದರು.